ಫಿರಂಗಿ ವಾಪಸ್ ಹೋಯ್ತು, ಸ್ಕೆಚ್‌ಬುಕ್ ಯಾಕೆ ಹೋಗಿಲ್ಲ?

2025ರ ಸೆಪ್ಟೆಂಬರ್‌ನಲ್ಲಿ ನೆದರ್ಲ್ಯಾಂಡ್ಸ್ ಸರ್ಕಾರ ಜಾವಾದಿಂದ ತಗೊಂಡು ಹೋಗಿದ್ದ 28 ಸಾವಿರಕ್ಕೂ ಹೆಚ್ಚು ಪಳೆಯುಳಿಕೆಗಳನ್ನ ಇಂಡೋನೇಷ್ಯಾಕ್ಕೆ ವಾಪಸ್ ಕೊಡೋಕೆ ಒಪ್ಕೊಂಡಿತು, ಶಾಲೆ ಪುಸ್ತಕದಲ್ಲಿ 'ಜಾವಾ ಮಾನವ' ಅಂತ ಓದಿರ್ತೀವಲ್ಲ, ಆ ತಲೆಬುರುಡೆ ಭಾಗವೂ ಅದರಲ್ಲಿದೆ. ಅದಕ್ಕೂ ಮುಂಚೆ 2023ರ ಜುಲೈನಲ್ಲಿ 478 ವಸ್ತು ಕೊಡೋ ತೀರ್ಮಾನ ಆಗಿತ್ತು, 472 ಇಂಡೋನೇಷ್ಯಾಕ್ಕೆ, 6 ಶ್ರೀಲಂಕಾಕ್ಕೆ. ಆ ಆರರಲ್ಲಿ ಒಂದು, ಬೆಳ್ಳಿ ಬಂಗಾರ ಕೂರಿಸಿರೋ ಕ್ಯಾಂಡಿ ಅರಮನೆಯ ಪುಟ್ಟ ಫಿರಂಗಿ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂ ಸಂಗ್ರಹದಲ್ಲಿ ಇನ್ನೂರು ವರ್ಷಕ್ಕಿಂತ ಜಾಸ್ತಿ ಇದ್ದ ವಸ್ತು ಅದು, ಆ ವರ್ಷದ ಕೊನೇಲಿ ಕೊಲಂಬೊ ತಲುಪಿತು.

ಅದೇ ಮ್ಯೂಸಿಯಂನಲ್ಲಿ ಅದೇ ಕಾಲದ, ಅದೇ ಊರುಗಳ ಚಿತ್ರಗಳಿರೋ ಸ್ಕೆಚ್‌ಬುಕ್‌ಗಳೂ ಇವೆ. ಬಟಾವಿಯಾ ಅಂದ್ರೆ ಇವತ್ತಿನ ಜಕಾರ್ತ, ಅಲ್ಲಿನ ಮನೆಗಳು, ಮಕ್ಕಳು, ಗುಲಾಮರು, ಕೊಲಂಬೊದ ದರ್ಬಾರು, ಎಲ್ಲಾ ಪೆನ್ಸಿಲ್ ಮತ್ತೆ ಜಲವರ್ಣದಲ್ಲಿ. ಅವು ಎಲ್ಲೂ ಹೋಗ್ತಿಲ್ಲ. ಫಿರಂಗಿ ಹೋಗುತ್ತೆ, ಕಲ್ಲಿನ ಮೂರ್ತಿ ಹೋಗುತ್ತೆ, ಯುದ್ಧದಲ್ಲಿ ಕಿತ್ತುಕೊಂಡಿದ್ದೇ ಅಲ್ಲದ ಪಳೆಯುಳಿಕೆ ಕೂಡ ಹೋಗುತ್ತೆ, ಹಂಗಿದ್ರೆ ಆ ಜನರ ಬದುಕನ್ನೇ ಹಿಡಿದಿಟ್ಟಿರೋ ಚಿತ್ರಗಳು ಯಾಕೆ ಇಲ್ಲ ಅನ್ನೋ ಪ್ರಶ್ನೆ ಸಹಜವಾಗೇ ಬರುತ್ತೆ. ಇದಕ್ಕೆ ಕಾನೂನಿನ ಉತ್ತರ ಒಂದಿದೆ, ಅದು ಸುಲಭ. ಆದ್ರೆ ಆ ಉತ್ತರ ತಿಳಿದ ಮೇಲೂ ಪ್ರಶ್ನೆ ಮುಗಿಯಲ್ಲ, ಯಾಕೆ ಅಂತ ನೋಡೋಣ.

ಯಾರ ಸ್ಕೆಚ್‌ಬುಕ್ ಇದು

ಯಾನ್ ಬ್ರಾಂಡೆಸ್ 1743ರಲ್ಲಿ ಹಾಲೆಂಡಿನ ಬೋಡೆಗ್ರಾವೆನ್‌ನಲ್ಲಿ ಹುಟ್ಟಿದವನು, ಲೂಥರನ್ ಪಂಥದ ಪಾದ್ರಿ. 1779ರಿಂದ 1785ರವರೆಗೆ ಬಟಾವಿಯಾದಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ, ಅಂದ್ರೆ ವಿಓಸಿಯ ಊರಲ್ಲಿ ಕೆಲಸ ಮಾಡಿದ. ಹೋದ ಸ್ವಲ್ಪ ದಿನಕ್ಕೇ ಹೆಂಡತಿ ತೀರಿಕೊಂಡಳು, ಯಾಂತ್ಯೆ ಅನ್ನೋ ಪುಟ್ಟ ಮಗ ಉಳಿದ. ಅಲ್ಲಿಂದ ವಾಪಸ್ ಹೊರಟವನು ನೇರ ಊರಿಗೆ ಹೋಗಲಿಲ್ಲ, ಸಿಲೋನ್‌ನಲ್ಲಿ, ಅಂದ್ರೆ ಇವತ್ತಿನ ಶ್ರೀಲಂಕಾದಲ್ಲಿ, ಕೆಲ ತಿಂಗಳು, ಆಮೇಲೆ ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ ಕೆಲ ಕಾಲ ಇದ್ದು, ಕೊನೆಗೆ ಸ್ವೀಡನ್‌ನಲ್ಲಿ ನೆಲೆಸಿ 1808ರಲ್ಲಿ ಅಲ್ಲೇ ಸತ್ತ. ಈ ದಾರಿ ಉದ್ದಕ್ಕೂ ಬಿಡಿಸ್ತಾನೇ ಹೋದ. ಹಕ್ಕಿ, ಹುಳ, ಹಲ್ಲಿ, ಮನೆ, ಆನೆ, ತೋಟ, ಹಡಗು. ಅವನಿಗೆ ಇದು ದುಡ್ಡಿನ ಕೆಲಸ ಅಲ್ಲ, ಯಾರೂ ಆರ್ಡರ್ ಕೊಟ್ಟಿರಲಿಲ್ಲ. ಎರಡು ಸ್ಕೆಚ್‌ಬುಕ್ ಮತ್ತೆ ಬಿಡಿ ಹಾಳೆಗಳು ಉಳಿದುಕೊಂಡು 1985ರಲ್ಲಿ ರೈಕ್ಸ್‌ಮ್ಯೂಸಿಯಂ ಸಂಗ್ರಹಕ್ಕೆ ಸೇರಿದವು.

ಆರ್ಡರ್ ಕೊಟ್ಟವರು ಯಾರೂ ಇರಲಿಲ್ಲ ಅನ್ನೋದು ಇಲ್ಲಿ ತುಂಬಾ ಮುಖ್ಯ, ಅದಕ್ಕೆ ಆಮೇಲೆ ಬರ್ತೀನಿ.

ಆ ಕಾಲದಲ್ಲಿ ಎಲ್ಲರೂ ಬಿಡಿಸ್ತಿದ್ರು

ಬ್ರಾಂಡೆಸ್ ಒಬ್ಬನೇ ಹಿಂಗೆ ಅಂತ ಅಲ್ಲ. 17ನೇ ಶತಮಾನದ ಡಚ್ ಚಿತ್ರಕಲೆ ಅಂದ ತಕ್ಷಣ ರೆಂಬ್ರಾಂಟ್, ವರ್ಮೀರ್ ನೆನಪಾಗ್ತಾರೆ, 18ನೇ ಶತಮಾನದ ಬಗ್ಗೆ ಮಾತೇ ಕಮ್ಮಿ, ಆದ್ರೆ ಕಾಗದದ ಮೇಲಿನ ಚಿತ್ರಕ್ಕೆ ಅದು ಬಹಳ ಸಮೃದ್ಧ ಕಾಲ. ಕಾರ್ನೆಲಿಸ್ ಪ್ರೋಂಕ್, ಯಾನ್ ಡಿ ಬೇಯರ್ ಥರದವರು ಊರೂರು ತಿರುಗಿ ಚರ್ಚು, ಕೋಟೆ, ಸೇತುವೆ, ಬೀದಿ ಬಿಡಿಸ್ತಿದ್ರು, ಅದನ್ನ ಸಂಗ್ರಹಿಸೋ ಶ್ರೀಮಂತರು ಬೇಕಾದಷ್ಟಿದ್ರು. ಆಮ್‌ಸ್ಟರ್‌ಡ್ಯಾಮ್‌ನ ಕಾರ್ನೆಲಿಸ್ ಟ್ರೋಸ್ಟ್ 1740ರಲ್ಲಿ ಒಂದು ಐದು ಚಿತ್ರದ ಸರಣಿ ಮಾಡಿದ, ಗೆಳೆಯರೆಲ್ಲಾ ಸಂಜೆ ಮರ್ಯಾದೆಯಾಗಿ ಸೇರಿ ಕುಡಿಯೋಕೆ ಶುರು ಮಾಡಿ ಕೊನೆಗೆ ನಿಲ್ಲೋಕಾಗದೆ ಮನೆಗೆ ಹೋಗೋವರೆಗೂ ಇದೆ ಅದರಲ್ಲಿ, ಇವತ್ತು ಹೇಗ್‌ನ ಮೌರಿಟ್ಸ್‌ಹೌಸ್‌ನಲ್ಲಿದೆ. ಕ್ರಿಸ್ಟಿನಾ ಶಾಲೋನ್ ಅನ್ನೋ ಕಲಾವಿದೆ ತಾಯಂದಿರು, ಮಕ್ಕಳು, ಅಡಿಗೆ ಒಲೆ, ಬಡವರ ಮನೆ ಒಳಗಿನ ನೋಟ, ಇದನ್ನೇ ಮತ್ತೆ ಮತ್ತೆ ಬಿಡಿಸಿದಳು.

ಈ ಅಭ್ಯಾಸಕ್ಕೆ ಕಾರಣ ಇತ್ತು. ಫೋಟೋ ಇಲ್ಲದ ಕಾಲ, ಕಾಗದ ಕೈಗೆಟುಕೋ ಬೆಲೆ, ಓದುಬರಹ ಬಲ್ಲ ದೊಡ್ಡ ಮಧ್ಯಮವರ್ಗ, ಅದ್ರ ಜೊತೆ ಕಣ್ಣಾರೆ ನೋಡಿ ದಾಖಲಿಸೋದೇ ಜ್ಞಾನ ಅನ್ನೋ ಆ ಶತಮಾನದ ನಂಬಿಕೆ. ಚಿಟ್ಟೆ ರೆಕ್ಕೆ ಬಿಡಿಸಿದಷ್ಟೇ ಶ್ರದ್ಧೆಯಿಂದ ಅಡಿಗೆಮನೆನೂ ಬಿಡಿಸ್ತಿದ್ರು. ಈ ಅಭ್ಯಾಸ ಹಡಗು ಹತ್ತಿ ವಿಓಸಿ ಹೋದ ಕಡೆಗೆಲ್ಲಾ ಹೋಯ್ತು. ತೊಡಕು ಶುರುವಾಗೋದು ಅಲ್ಲಿಂದಾನೇ, ಯಾಕಂದ್ರೆ ಹಾಲೆಂಡಿನ ಅಡಿಗೆಮನೇಲಿ ಇದ್ದವಳು ಸಂಬಳದ ಆಳು, ಬಟಾವಿಯಾ ಅಡಿಗೆಮನೇಲಿ ಇದ್ದವಳನ್ನ ದುಡ್ಡು ಕೊಟ್ಟು ಕೊಂಡಿದ್ರು.

ಬಟಾವಿಯಾ ಮನೆಯೊಳಗೆ

1699ರ ಗಣತಿ ಪ್ರಕಾರ ಬಟಾವಿಯಾ ಕೋಟೆಗೋಡೆ ಒಳಗಿದ್ದ ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಗುಲಾಮರು. ಬಾಲಿ, ಸುಲಾವೆಸಿ, ಬಂಗಾಳ, ಕೋರಮಂಡಲ, ಮಲಬಾರ್, ಎಲ್ಲಾ ಕಡೆಯಿಂದ ತಂದವರು. 2022ರ ಡಿಸೆಂಬರ್ 19ಕ್ಕೆ ಆಗಿನ ಡಚ್ ಪ್ರಧಾನಿ ಮಾರ್ಕ್ ರುಟ್ಟೆ ಗುಲಾಮಗಿರಿಗಾಗಿ ಸರ್ಕಾರದ ಪರವಾಗಿ ಕ್ಷಮೆ ಕೇಳಿದಾಗ ಏಷ್ಯಾದ ಲೆಕ್ಕವನ್ನೂ ಹೇಳಿದ್ರು, ವಿಓಸಿ ಆಡಳಿತದ ಜಾಗಗಳಲ್ಲಿ 6 ಲಕ್ಷ 60 ಸಾವಿರದಿಂದ 10 ಲಕ್ಷಕ್ಕೂ ಮೀರಿ ಜನರ ಮಾರಾಟ ಆಗಿದೆ ಅಂತ. ಅಟ್ಲಾಂಟಿಕ್ ದಾಟಿಸಿದ ಆಫ್ರಿಕಾದ ಜನ 6 ಲಕ್ಷಕ್ಕೂ ಹೆಚ್ಚು. ಅಂದ್ರೆ ಹಿಂದೂ ಮಹಾಸಾಗರದ ಲೆಕ್ಕ ಏನೂ ಸಣ್ಣದಲ್ಲ, ಆದ್ರೆ ಗುಲಾಮಗಿರಿ ಅಂದ ಕೂಡಲೇ ಎಲ್ಲರ ಕಣ್ಣಮುಂದೆ ಬರೋದು ಕಬ್ಬಿನ ತೋಟ ಮತ್ತೆ ಸರಪಳಿ, ಏಷ್ಯಾದ್ದು ನೆನಪಿಗೇ ಬರಲ್ಲ.

ಯಾಕೆ ಬರಲ್ಲ? ಒಂದು ಕಾರಣ ಚಿತ್ರಗಳೇ ಅನ್ನಬಹುದು. ಬಟಾವಿಯಾದ ಗುಲಾಮಗಿರಿ ಬಹಳಷ್ಟು ಮನೆಯೊಳಗಿನದ್ದು, ನೋಡೋಕೆ ಶಾಂತವಾಗಿ ಕಾಣುತ್ತೆ. ಯೋಹಾನ್ನೆಸ್ ರಾಖ್ ಅನ್ನೋನು ಇದಕ್ಕೆ ಒಳ್ಳೇ ಉದಾಹರಣೆ. ಕೋಪನ್‌ಹೇಗನ್‌ನಲ್ಲಿ 1720ರಲ್ಲಿ ಹುಟ್ಟಿ ವಿಓಸಿಯ ಫಿರಂಗಿ ದಳದಲ್ಲಿ ಮೇಲಕ್ಕೇರಿ 1783ರಲ್ಲಿ ಬಟಾವಿಯಾದಲ್ಲೇ ಸತ್ತವನು, ಆ ಊರಿನ ನೋಟಗಳನ್ನ ಅವನಷ್ಟು ಬಿಡಿಸಿದವರು ಕಮ್ಮಿ. ಅಗಲವಾದ ರಸ್ತೆ, ಸಾಲಾಗಿ ಮರ, ದೊಡ್ಡ ಬಂಗಲೆ, ಕುದುರೆಗಾಡಿ, ಕೊಡೆ ಹಿಡಿದ ಆಳುಗಳು. ಕೊಳ್ಳೋರು ಕಂಪನಿಯ ದೊಡ್ಡ ಅಧಿಕಾರಿಗಳು, ಅವರಿಗೆ ತಮ್ಮ ವೈಭವ ಕಾಣಬೇಕಿತ್ತು. ಈ ವೈಭವ ಎಷ್ಟು ಮಿತಿ ಮೀರಿತ್ತು ಅಂದ್ರೆ 1754ರಲ್ಲಿ ಗವರ್ನರ್ ಜನರಲ್ ಯಾಕೋಬ್ ಮೋಸೆಲ್, ಯಾರು ಎಂಥ ಗಾಡೀಲಿ ಹೋಗಬಹುದು, ಯಾರ ತಲೆ ಮೇಲೆ ಕೊಡೆ ಇರಬಹುದು, ಹಿಂದೆ ಎಷ್ಟು ಗುಲಾಮರು ನಡೀಬಹುದು ಅಂತ ಅಂತಸ್ತಿನ ಪ್ರಕಾರ ನಿಯಮಾನೇ ಮಾಡಬೇಕಾಯ್ತು. ಹಂಗಾಗಿ ರಾಖ್ ಚಿತ್ರದಲ್ಲಿ ಕೊಡೆ ಹಿಡಿದವನು ಒಬ್ಬ ಮನುಷ್ಯನಾಗಿ ಅಲ್ಲಿಲ್ಲ, ಯಜಮಾನನ ದರ್ಜೆ ತೋರಿಸೋ ಗುರುತಾಗಿ ಇದ್ದಾನೆ.

ಈಗ ಬ್ರಾಂಡೆಸ್ ಹತ್ರ ಬನ್ನಿ. ಅವನಿಗೆ ಯಾರನ್ನೂ ಮೆಚ್ಚಿಸಬೇಕಾಗಿರಲಿಲ್ಲ, ತನ್ನ ಮನೆ ತಾನು ಬಿಡಿಸ್ತಿದ್ದ. ಮಗ ಯಾಂತ್ಯೆ ಇದ್ದಾನೆ, ಜೊತೆಗೆ ಫ್ಲೋರಾ ಅನ್ನೋ ಗುಲಾಮ ಹೆಂಗಸು ಇದ್ದಾಳೆ, ಬೀತ್ಯಾ ಅನ್ನೋ ಗುಲಾಮ ಮನೆತನದ ಪುಟ್ಟ ಹುಡುಗಿ ಇದ್ದಾಳೆ, ಇವರ ಹೆಸರು ನಮಗೆ ಗೊತ್ತಿರೋದೇ ಇವನಿಂದ. ಇನ್ನೊಂದು ಚಿತ್ರದಲ್ಲಿ ಯುರೋಪಿಯನ್ ಮನೆಯೊಂದಕ್ಕೆ ಟೀ ಕುಡಿಯೋಕೆ ಬಂದ ಅತಿಥಿಗಳು, ಅವರ ಸುತ್ತ ಸೇವೆ ಮಾಡ್ತಿರೋ ಗುಲಾಮರು. ಯಾರೂ ಅಳ್ತಿಲ್ಲ, ಯಾರ ಕೈಯಲ್ಲೂ ಚಾಟಿ ಇಲ್ಲ. ಆದ್ರೆ ಯಾರು ಕೂತಿದ್ದಾರೆ ಯಾರು ನಿಂತಿದ್ದಾರೆ, ಯಾರ ಕೈ ಖಾಲಿ ಇದೆ ಯಾರ ಕೈಯಲ್ಲಿ ಕೆಲಸ ಇದೆ ಅಂತ ನೋಡ್ತಾ ಹೋದ್ರೆ ಇಡೀ ವ್ಯವಸ್ಥೆ ಕಣ್ಣಿಗೆ ಕಾಣುತ್ತೆ. ಪಾದ್ರಿಯೊಬ್ಬ, ದೇವರ ಮಾತು ಹೇಳೋನು, ತನ್ನ ಮಗುವನ್ನ ಸಾಕೋಕೆ ಕೊಂಡುತಂದ ಹೆಂಗಸನ್ನ ಇಷ್ಟು ಸಹಜವಾಗಿ ಬಿಡಿಸಿದ್ದಾನೆ ಅಂದ್ರೆ ಅದು ಆ ಸಮಾಜಕ್ಕೆ ಎಷ್ಟು ಸಹಜವಾಗಿತ್ತು ಅಂತ ಅರ್ಥ ಆಗುತ್ತೆ, ಯಾವ ಕಂಪನಿ ಕಡತವೂ ಇದನ್ನ ಹಿಂಗೆ ತೋರಿಸಲ್ಲ, ಕಡತದಲ್ಲಿ ಬರೋದು ಮಾರಾಟ, ಸಾವು, ಶಿಕ್ಷೆ ಅಷ್ಟೇ, ಸಾಮಾನ್ಯ ದಿನ ಬರಲ್ಲ.

ಹೆಸರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಕೊಂಡವರು ಗುಲಾಮರಿಗೆ ತಮಗೆ ಬೇಕಾದ ಹೆಸರು ಇಡ್ತಿದ್ರು, ರೋಮನ್ ದೇವತೆಗಳ ಹೆಸರು, ತಿಂಗಳ ಹೆಸರು. ಫ್ಲೋರಾ ಕೂಡ ರೋಮನ್ ದೇವತೆ ಹೆಸರೇ, ಅವಳ ಹೆತ್ತವರು ಕರೀತಿದ್ದ ಹೆಸರು ಅದಾಗಿರೋ ಸಾಧ್ಯತೆ ತೀರಾ ಕಮ್ಮಿ. ಇವತ್ತಿಗೂ ಕೇಪ್‌ಟೌನ್‌ನಲ್ಲಿ ಫೆಬ್ರವರಿ, ಸೆಪ್ಟೆಂಬರ್, ಕ್ಯುಪಿಡೊ ಅನ್ನೋ ಮನೆತನದ ಹೆಸರುಗಳಿವೆ, ಮೂಲ ಇದೇ.

ವಾಪಸಾತಿ ನಿಯಮ ಏನು ಹೇಳುತ್ತೆ

2020ರ ಅಕ್ಟೋಬರ್‌ನಲ್ಲಿ ಲಿಲಿಯನ್ ಗೊನ್ಸಾಲ್ವೆಸ್ ಅಧ್ಯಕ್ಷತೆಯ ಸಮಿತಿ ವರದಿ ಕೊಟ್ಟಿತು, 2021ರ ಜನವರಿಯಲ್ಲಿ ಡಚ್ ಸರ್ಕಾರ ಅದನ್ನೇ ನೀತಿ ಮಾಡಿಕೊಂಡಿತು. ತಿರುಳು ಇಷ್ಟು: ಡಚ್ ವಸಾಹತಾಗಿದ್ದ ದೇಶದಿಂದ ಅಲ್ಲಿಯವರ ಇಚ್ಛೆಗೆ ವಿರುದ್ಧವಾಗಿ ವಸ್ತು ಬಂದಿದೆ ಅಂತ ಸಾಕಷ್ಟು ಖಚಿತವಾದ್ರೆ, ಆ ದೇಶ ಕೇಳಿದ್ರೆ, ಷರತ್ತಿಲ್ಲದೆ ಕೊಡಬೇಕು. ಹಂಗೆ ಖಚಿತ ಆಗದೇ ಇದ್ರೂ ಆ ವಸ್ತುವಿಗೆ ಕೇಳೋ ದೇಶದಲ್ಲಿ ವಿಶೇಷ ಸಾಂಸ್ಕೃತಿಕ, ಐತಿಹಾಸಿಕ ಅಥವಾ ಧಾರ್ಮಿಕ ಮಹತ್ವ ಇದ್ರೆ ಎರಡೂ ಕಡೆ ಹಿತ ತೂಗಿ ನೋಡಬಹುದು. ಇದು ಡಚ್ ಸರ್ಕಾರದ ಸ್ವಂತ ಸಂಗ್ರಹಕ್ಕೆ ಮಾತ್ರ.

ಕ್ಯಾಂಡಿ ಫಿರಂಗಿ ಮೊದಲನೇ ಸಾಲಿಗೆ ನೇರವಾಗಿ ಬರುತ್ತೆ, 1765ರಲ್ಲಿ ಗವರ್ನರ್ ವಾನ್ ಎಕ್ ಸೈನ್ಯ ಕ್ಯಾಂಡಿ ಅರಮನೆಗೆ ನುಗ್ಗಿ ಲೂಟಿ ಮಾಡಿದ್ದು. ಇಂಡೋನೇಷ್ಯಾದ ಲೊಂಬೊಕ್ ದ್ವೀಪದ ಅರಮನೆಯಿಂದ ಡಚ್ ಸೈನ್ಯ ಹೊತ್ತೊಯ್ದ ನಿಧಿಯ 335 ವಸ್ತುಗಳದ್ದೂ ಅದೇ ಕಥೆ. ಜಾವಾ ಪಳೆಯುಳಿಕೆ ಸ್ವಲ್ಪ ಬೇರೆ, ಯೂಜೀನ್ ಡುಬುವಾ ಅನ್ನೋ ಡಚ್ ವೈದ್ಯ 1891ರಿಂದ ಟ್ರಿನಿಲ್‌ನಲ್ಲಿ ಕೈದಿಗಳ ಕೈಲಿ ಅಗೆಸಿ ತೆಗೆದದ್ದು, ಯುದ್ಧ ಇಲ್ಲ, ಲೂಟಿ ಇಲ್ಲ. ಆದ್ರೂ ವಸಾಹತು ಪರಿಸ್ಥಿತೀಲಿ ಅಲ್ಲಿನ ಜನರ ಇಚ್ಛೆಗೆ ವಿರುದ್ಧವಾಗೇ ಅದು ಹೋಗಿರೋ ಸಂಭವ ಅಂತ ಇಂಥ ಬೇಡಿಕೆಗಳನ್ನ ಪರಿಶೀಲಿಸೋ ಡಚ್ ಸಮಿತಿ ತೀರ್ಮಾನಿಸಿತು. ಅಂದ್ರೆ 'ಲೂಟಿ' ಅನ್ನೋದರ ವ್ಯಾಪ್ತಿ ದೊಡ್ಡದಾಗ್ತಿದೆ. ಜನರ ಗೊಂದಲ ಹೆಚ್ಚಿರೋದೂ ಇದರಿಂದಾನೇ.

ಸ್ಕೆಚ್‌ಬುಕ್ ಈ ಲೆಕ್ಕಕ್ಕೆ ಯಾಕೆ ಸಿಗಲ್ಲ? ಬಣ್ಣ ಬ್ರಾಂಡೆಸ್‌ದು, ಕೈ ಬ್ರಾಂಡೆಸ್‌ದು, ಪುಸ್ತಕ ಅವನ ಸ್ವಂತ ಸಾಮಾನಿನ ಜೊತೆ ಹೋಯ್ತು. ಯಾರಿಂದಲೂ ಕಿತ್ತುಕೊಂಡಿಲ್ಲ. 2023ರ ಪಟ್ಟಿಯಲ್ಲೇ ಇದಕ್ಕೆ ಒಂದು ಸುಳಿವಿದೆ, ಪಿತಾ ಮಹಾ ಅನ್ನೋ ಹೆಸರಿನ 132 ಆಧುನಿಕ ಬಾಲಿ ಕಲಾಕೃತಿಗಳು ಇಂಡೋನೇಷ್ಯಾಕ್ಕೆ ಹೋದವು, ಅದರಲ್ಲಿ ಚಿತ್ರಗಳೂ ಇದ್ದವು. ಅವು ಬಾಲಿಯ ಕಲಾವಿದರೇ ಮಾಡಿದ್ದು. ಹಂಗಾಗಿ ಚಿತ್ರ ಅನ್ನೋ ಕಾರಣಕ್ಕೆ ನಿಯಮದಿಂದ ಹೊರಗಿಟ್ಟಿಲ್ಲ, ಬಿಡಿಸಿದ ಕೈ ಯಾರದ್ದು ಅನ್ನೋದು ಎಣಿಕೆಗೆ ಬರುತ್ತೆ. ಬಿಡಿಸಿಕೊಂಡ ಮುಖ ಯಾರದ್ದು ಅನ್ನೋದು ಬರಲ್ಲ.

ಮೂರು ಕಡೆ ಎಳೆದಾಟ

ಇಲ್ಲೇ ಇರಲಿ ಅನ್ನೋರ ವಾದ ಗಟ್ಟಿ ಇದೆ. ಕಲಾವಿದ ಡಚ್ಚಿನವನು, ಸಂಗ್ರಹ ಪ್ರಾಮಾಣಿಕವಾಗಿ ಬಂದಿದೆ, ಬ್ರಾಂಡೆಸ್ ಹಾಳೆಗಳು ಬಟಾವಿಯಾ, ಸಿಲೋನ್, ಕೇಪ್ ಮೂರನ್ನೂ ಹಿಡಿದಿವೆ, ದೇಶದ ಲೆಕ್ಕದಲ್ಲಿ ಹಂಚಿದ್ರೆ ಒಬ್ಬ ಮನುಷ್ಯನ ಒಂದು ಪ್ರಯಾಣ ಮೂರು ಚೂರಾಗುತ್ತೆ. ಜೊತೆಗೆ ಡಚ್ ಜನ ತಮ್ಮ ಗುಲಾಮಗಿರಿ ಇತಿಹಾಸವನ್ನ ತಮ್ಮದೇ ಊರಲ್ಲಿ ನೋಡಬೇಕು ಅನ್ನೋ ಮಾತೂ ಇದೆ. 2021ರಲ್ಲಿ ರೈಕ್ಸ್‌ಮ್ಯೂಸಿಯಂ ಗುಲಾಮಗಿರಿ ಬಗ್ಗೆ ದೊಡ್ಡ ಪ್ರದರ್ಶನ ಮಾಡಿತು, ಹತ್ತು ಜನರ ಬದುಕಿನ ಮೂಲಕ ಕಥೆ ಹೇಳಿತು, ಅದರಲ್ಲಿ ಬಂಗಾಳ ಕಡೆಯಿಂದ ಗುಲಾಮರಾಗಿ ಹೋದ 'ವಾನ್ ಬೆಂಗಾಲೆನ್' ಹೆಸರಿನದ್ದೂ ಒಂದು.

ಎರಡನೇ ಕಡೆಯವರು ಹೇಳೋದು, ಜಕಾರ್ತದ 18ನೇ ಶತಮಾನದ ದಿನನಿತ್ಯದ ಬದುಕು ನೋಡೋಕೆ ಜಕಾರ್ತದವರು ಆಮ್‌ಸ್ಟರ್‌ಡ್ಯಾಮ್ ಕಡೆ ಕೈಚಾಚಬೇಕಾ ಅಂತ. ಅಲ್ಲಿ ಕಾಗದ ಉಳಿಸಿಕೊಳ್ಳೋ ಸಾಮರ್ಥ್ಯ ಇಲ್ಲ ಅನ್ನೋ ಹಳೇ ಮಾತಿಗೆ ರಾಖ್‌ನೇ ಉತ್ತರ, ಅವನ ಚಿತ್ರಗಳ ಬಹುದೊಡ್ಡ ಸಂಗ್ರಹ, ಸುಮಾರು 200, ಇರೋದು ಇಂಡೋನೇಷ್ಯಾದ ರಾಷ್ಟ್ರೀಯ ಗ್ರಂಥಾಲಯದಲ್ಲಿ. 1778ರಲ್ಲಿ ಶುರುವಾದ ಬಟಾವಿಯಾದ ಕಲೆ ವಿಜ್ಞಾನ ಸಂಘದ ಸಂಗ್ರಹದ ಮೂಲಕ ಅಲ್ಲಿ ಉಳಿದುಕೊಂಡಿವೆ.

ಮೂರನೇ ವಾದ ಕಾಗದ ಎಲ್ಲಿರಬೇಕು ಅನ್ನೋದರ ಬಗ್ಗೆ ಅಲ್ಲವೇ ಅಲ್ಲ. ಈ ಚಿತ್ರಗಳು ಮೋಸ ಮಾಡ್ತವೆ ಅನ್ನೋದು ಅವರ ಆತಂಕ. ಮಗು, ಆಯಾ, ಟೀ ಕಪ್ಪು, ತಂಪಾದ ಮನೆ, ಇದನ್ನ ನೋಡಿದವರು 'ಪೂರ್ವದ ಗುಲಾಮಗಿರಿ ಅಷ್ಟೇನೂ ಕ್ರೂರ ಅಲ್ಲ, ಮನೆಮಂದಿ ಥರ ಇದ್ರು' ಅಂದುಕೊಂಡು ಸುಮ್ಮನಾಗಿಬಿಡ್ತಾರೆ. ಈ ನಂಬಿಕೆ ಡಚ್ ಸಮಾಜದಲ್ಲಿ ಬಹಳ ಕಾಲ ಇತ್ತು. ಬಿಡಿಸಿದವನು ಯಜಮಾನ, ಅವನ ಕಣ್ಣಿಗೆ ಬೀಳದೇ ಇದ್ದದ್ದು ಕಾಗದದ ಮೇಲೂ ಬಿದ್ದಿಲ್ಲ. ಫ್ಲೋರಾ ರಾತ್ರಿ ಎಲ್ಲಿ ಮಲಗ್ತಿದ್ದಳು, ಅವಳಿಗೆ ಸ್ವಂತ ಮಕ್ಕಳಿದ್ರಾ, ಓಡಿಹೋಗೋಕೆ ಯಾವತ್ತಾದ್ರೂ ಯೋಚಿಸಿದ್ದಳಾ, ಇದ್ಯಾವುದನ್ನೂ ಚಿತ್ರ ಹೇಳಲ್ಲ.

ಈ ಮೂರರಲ್ಲಿ ನನಗೆ ಮೂರನೇದೇ ಹೆಚ್ಚು ಒಪ್ಪಿಗೆ, ಆದ್ರೆ ಅದರಿಂದ ಬರೋ ತೀರ್ಮಾನ ಮಾತ್ರ ಬೇರೆ. ಚಿತ್ರ ಮುಚ್ಚಿಡೋದ್ರಿಂದ ಏನೂ ಸಿಗಲ್ಲ. ರಾಖ್ ಚಿತ್ರ ಜಕಾರ್ತದಲ್ಲೇ ಇದ್ರೂ ಕೊಡೆ ಹಿಡಿದವನು ಹೆಸರಿಲ್ಲದೇನೇ ಇದ್ದಾನೆ, ಬ್ರಾಂಡೆಸ್ ಚಿತ್ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿದ್ರೂ ಫ್ಲೋರಾಗೆ ಒಂದು ಹೆಸರಿದೆ. ಕಾಗದ ಯಾವ ಊರಲ್ಲಿದೆ ಅನ್ನೋದಕ್ಕಿಂತ ಅದರ ಕೆಳಗೆ ಏನು ಬರೆದಿದ್ದಾರೆ, ಪಕ್ಕದಲ್ಲಿ ಯಾವ ದಾಖಲೆ ಇಟ್ಟಿದ್ದಾರೆ, ಅದನ್ನ ಯಾವ ಭಾಷೇಲಿ ಕೊಟ್ಟಿದ್ದಾರೆ ಅನ್ನೋದು ಹೆಚ್ಚು ತೂಕದ ವಿಷಯ.

ಕ್ಯಾಪ್ಶನ್ ಯಾಕೆ ಇಷ್ಟು ಮುಖ್ಯ

ರೈಕ್ಸ್‌ಮ್ಯೂಸಿಯಂ 2012ರಿಂದ ತನ್ನ ಸಂಗ್ರಹದ ಒಳ್ಳೇ ಗುಣಮಟ್ಟದ ಇಮೇಜುಗಳನ್ನ ಆನ್‌ಲೈನ್‌ನಲ್ಲಿ ಉಚಿತವಾಗಿ ಬಿಟ್ಟಿದೆ, ಹಕ್ಕುಸ್ವಾಮ್ಯ ಮುಗಿದಿರೋದನ್ನ ಯಾರು ಬೇಕಾದ್ರೂ ಡೌನ್‌ಲೋಡ್ ಮಾಡಿ ಪುಸ್ತಕದಲ್ಲೋ ಪೋಸ್ಟರ್‌ನಲ್ಲೋ ಹಾಕ್ಕೋಬಹುದು. ಇದು ನಿಜವಾಗ್ಲೂ ದೊಡ್ಡ ಕೆಲಸ. ಆದ್ರೆ ಪರಿಣಾಮ ಏನಾಗುತ್ತೆ ನೋಡಿ: ಇಮೇಜ್ ಒಂದು ಕಡೆ ಹೋಗುತ್ತೆ, ವಿವರಣೆ ಇನ್ನೊಂದು ಕಡೆ ಉಳಿಯುತ್ತೆ. ವಿವರಣೇಲಿ ಬರೀ 'ಟೀ ಕೂಟ' ಅಂತಿದ್ರೆ ಹುಡುಕೋರಿಗೆ ಟೀ ಕೂಟಾನೇ ಸಿಗೋದು, ಗುಲಾಮಗಿರಿ ಬಗ್ಗೆ ಹುಡುಕೋರಿಗೆ ಆ ಚಿತ್ರ ಸಿಗೋದೇ ಇಲ್ಲ. ಈಗಂತೂ ಕಂಪ್ಯೂಟರ್ ಮಾಡೆಲ್‌ಗಳು ಇಂಥ ಇಮೇಜ್ ಮತ್ತೆ ಅದರ ಕ್ಯಾಪ್ಶನ್ ಜೋಡಿಯಿಂದಾನೇ ಕಲೀತವೆ, ಕ್ಯಾಪ್ಶನ್‌ನಲ್ಲಿ ಬಿಟ್ಟುಹೋದ ಮನುಷ್ಯ ಮುಂದೆ ಎಲ್ಲಾ ಕಡೆ ಬಿಟ್ಟುಹೋಗ್ತಾನೆ. 2015ರಿಂದ ಅದೇ ಮ್ಯೂಸಿಯಂ ತನ್ನ ಶೀರ್ಷಿಕೆಗಳಲ್ಲಿದ್ದ ವಸಾಹತು ಕಾಲದ ಅವಮಾನದ ಪದಗಳನ್ನ ಬದಲಿಸ್ತಾ ಬಂದಿದೆ, ಆಗ ಇದನ್ನ ಇತಿಹಾಸ ಅಳಿಸೋ ಕೆಲಸ ಅಂತ ಬೈದವರು ಇದ್ದಾರೆ. ಆದ್ರೆ ಆ ಶೀರ್ಷಿಕೆಗಳಲ್ಲಿ ಬಹಳಷ್ಟನ್ನ ಕಲಾವಿದ ಇಟ್ಟಿದ್ದಲ್ಲ, ಕ್ಯಾಟಲಾಗ್ ಮಾಡಿದವರು ಆಮೇಲೆ ಬರೆದದ್ದು. ಅಳಿಸಿದ್ದಲ್ಲ, ತಿದ್ದಿದ್ದು.

ಇನ್ನೊಂದು ಬದಲಾವಣೆ ಇದಕ್ಕೆ ಸೇರಿಕೊಂಡಿದೆ. ಹಾಲೆಂಡಿನ ಹಾಯ್‌ಖನ್ಸ್ ಸಂಸ್ಥೆ ನಡೆಸ್ತಿರೋ ಗ್ಲೋಬಲೈಸ್ ಅನ್ನೋ ಯೋಜನೆ ವಿಓಸಿ ಕಡತಗಳ ಸುಮಾರು 50 ಲಕ್ಷ ಸ್ಕ್ಯಾನ್‌ಗಳನ್ನ ಕೈಬರಹ ಓದೋ ಸಾಫ್ಟ್‌ವೇರ್ ಹಾಕಿ ಹುಡುಕೋ ಹಾಗೆ ಮಾಡ್ತಿದೆ. ಮುಂಚೆ ಆ ಹಳೇ ಡಚ್ ಕೈಬರಹ ಓದೋಕೆ ವರ್ಷಗಟ್ಟಲೆ ಅಭ್ಯಾಸ ಬೇಕಿತ್ತು, ಈಗ ಒಂದು ಹೆಸರು ಟೈಪ್ ಮಾಡಿ ನೋಡಬಹುದು. ಚಿತ್ರದಲ್ಲಿ ಮುಖ ಇದೆ, ಕಡತದಲ್ಲಿ ಹೆಸರು, ಬೆಲೆ, ಮೂಲ ಊರು ಇದೆ, ಎರಡನ್ನೂ ಒಟ್ಟಿಗೆ ಇಟ್ಟು ನೋಡೋ ಕೆಲಸ ಈಗ ಸಾಧ್ಯ ಆಗ್ತಿದೆ.

ನಮ್ಮ ಕರಾವಳಿಗೂ ಇದಕ್ಕೂ

ಕೆಳದಿ ನಾಯಕರ ಕಾಲದಲ್ಲಿ, 17ನೇ ಶತಮಾನದಲ್ಲಿ, ನಮ್ಮ ಬಸರೂರಲ್ಲಿ ಡಚ್ಚರು ಅಕ್ಕಿ, ಮೆಣಸಿನ ವ್ಯಾಪಾರ ಮಾಡಿದ್ರು, 1663ರಲ್ಲಿ ಪೋರ್ಚುಗೀಸರಿಂದ ಕೊಚ್ಚಿ ಗೆದ್ದ ಮೇಲೆ ಪಶ್ಚಿಮ ಕರಾವಳಿಯಲ್ಲಿ ಅವರ ಮುಖ್ಯ ನೆಲೆ ಕೊಚ್ಚಿ ಆಯ್ತು. ಕೇಪ್‌ನ ದಾಖಲೆಗಳಲ್ಲಿ ಗುಲಾಮರ ಹೆಸರಿನ ಮುಂದೆ ಮಲಬಾರ್‌ನವನು, ಕೊಚ್ಚಿಯವಳು, ಬಂಗಾಳದವನು ಅಂತ ಬರೆದಿರೋದು ಮತ್ತೆ ಮತ್ತೆ ಸಿಗುತ್ತೆ. ಬ್ರಾಂಡೆಸ್ ಕೇಪ್‌ಗೆ ಬಂದ 1780ರ ದಶಕದ ಹೊತ್ತಿಗೆ ಅಲ್ಲಿನ ತೋಟಗಳಲ್ಲಿ ಹಿಂದೂ ಮಹಾಸಾಗರದ ಈ ತೀರಗಳಿಂದ ಹೋದವರೂ ಅವರ ಮಕ್ಕಳು ಮೊಮ್ಮಕ್ಕಳೂ ಇದ್ರು. ಹಂಗಾಗಿ ಇದು ಡಚ್ಚರಿಗೂ ಇಂಡೋನೇಷ್ಯಾದವರಿಗೂ ಮಧ್ಯದ ಜಗಳ ಅಂತ ನಾವು ಪಕ್ಕಕ್ಕೆ ಸರಿಯೋ ಹಾಗಿಲ್ಲ.

ಆಮ್‌ಸ್ಟೆಲ್‌ವೀನ್, ಐಂಡ್‌ಹೋವನ್ ಕಡೆ ಇರೋ ಕನ್ನಡಿಗರು ಮ್ಯೂಸಿಯಂಗೆ ಹೋಗಿ ಈ ಹಾಳೆಗಳನ್ನ ಹುಡುಕಿದ್ರೆ ಗೋಡೆ ಮೇಲೆ ಕಾಣದೇ ಇರಬಹುದು, ಕಾಗದದ ಮೇಲಿನ ಬಣ್ಣ ಬೆಳಕಿಗೆ ಮಾಸುತ್ತೆ ಅಂತ ಇಂಥವನ್ನ ಸ್ವಲ್ಪ ಕಾಲ ಮಾತ್ರ ಹೊರಗಿಡ್ತಾರೆ. ಆನ್‌ಲೈನ್‌ನಲ್ಲಿ ದೊಡ್ಡದು ಮಾಡಿ ನೋಡೋದೇ ವಾಸಿ.

ಮುಂದೆ ಏನಾಗಬಹುದು

ಸದ್ಯದ ನೀತಿ ಹಿಂಗೇ ಮುಂದುವರಿದ್ರೆ ಕೇಳಿದ ದೇಶಗಳಿಗೆ ಮೂರ್ತಿ, ಆಯುಧ, ಆಭರಣ ಇನ್ನೂ ಹೋಗ್ತವೆ, ಚಿತ್ರಗಳು ಅಲ್ಲೇ ಇರ್ತವೆ. 1785ರಲ್ಲಿ ಕ್ಯಾಂಡಿ ರಾಜನ ರಾಯಭಾರಿಗಳು ಕೊಲಂಬೊದಲ್ಲಿ ಗವರ್ನರ್ ವಾನ್ ಡಿ ಗ್ರಾಫ್‌ನ ಎದುರು ಬಂದದ್ದನ್ನ ಬ್ರಾಂಡೆಸ್ ಬಿಡಿಸಿದ್ದಾನೆ, ಅರಮನೆ ಲೂಟಿ ಆಗಿ ಬರೀ ಇಪ್ಪತ್ತು ವರ್ಷಕ್ಕೆ. ಲೂಟಿಯಾದ ಫಿರಂಗಿ ಈಗ ಕೊಲಂಬೊದಲ್ಲಿದೆ, ಆ ದರ್ಬಾರಿನ ಚಿತ್ರ ಆಮ್‌ಸ್ಟರ್‌ಡ್ಯಾಮ್‌ನಲ್ಲಿದೆ, ಎರಡನ್ನೂ ಒಟ್ಟಿಗೆ ಇಟ್ಟು ನೋಡಿದ್ರೆ ಅರ್ಥ ಆಗೋ ಕಥೆ ಬೇರೆ ಬೇರೆ ಇಟ್ಟಾಗ ಅರ್ಧಂಬರ್ಧ ಆಗುತ್ತೆ. ಜಂಟಿ ಪ್ರದರ್ಶನ, ಸಿಂಹಳ ತಮಿಳು ಇಂಡೋನೇಷ್ಯನ್ ಭಾಷೇಲಿ ವಿವರಣೆ, ಅಲ್ಲಿನ ಇತಿಹಾಸಕಾರರೇ ಬರೆಯೋ ಕ್ಯಾಪ್ಶನ್, ಇವಕ್ಕೆಲ್ಲಾ ಹೊಸ ಕಾನೂನು ಬೇಕಿಲ್ಲ, ಮನಸ್ಸು ಮತ್ತೆ ಹಣ ಬೇಕು.

ಆದ್ರೆ ಒಂದು ತೊಡಕು ಇದರಿಂದಲೂ ಬಿಡಿಸೋಕಾಗಲ್ಲ. ಇಡೀ ವಾಪಸಾತಿ ವ್ಯವಸ್ಥೆ ನಿಂತಿರೋದು ದೇಶ ದೇಶದ ಮಧ್ಯೆ, ಒಂದು ಸರ್ಕಾರ ಕೇಳಬೇಕು, ಇನ್ನೊಂದು ಸರ್ಕಾರ ಕೊಡಬೇಕು. ಕ್ಯಾಂಡಿ ರಾಜನ ಪರವಾಗಿ ಶ್ರೀಲಂಕಾ ಕೇಳಬಹುದು, ಲೊಂಬೊಕ್ ಅರಮನೆ ಪರವಾಗಿ ಇಂಡೋನೇಷ್ಯಾ ಕೇಳಬಹುದು. ಗುಲಾಮರನ್ನ ಅವರವರ ಊರಿಂದ ಕಿತ್ತು, ಹೆಸರು ಬದಲಿಸಿ, ಸಮುದ್ರ ದಾಟಿಸಿ, ಕೈಯಿಂದ ಕೈಗೆ ಮಾರಿದ್ರು, ಬಟಾವಿಯಾದ ಒಂದೇ ಮನೇಲಿ ಬಾಲಿಯವರು, ಬಂಗಾಳದವರು, ಮಲಬಾರ್‌ನವರು ಒಟ್ಟಿಗೆ ಇರ್ತಿದ್ರು. ಫ್ಲೋರಾ ಪರವಾಗಿ ಅರ್ಜಿ ಹಾಕಬೇಕಾದ ದೇಶ ಯಾವುದು ಅನ್ನೋದಕ್ಕೆ ಈಗಿರೋ ನಿಯಮದಲ್ಲಿ ಉತ್ತರ ಇಲ್ಲ.